ಏರು ಹತ್ತದ ಕಾರು ಮತ್ತು ಕೆಂಪಣ್ಣ

ಬಾನೆಟ್ ಎತ್ತುವ ಮೊದಲು ಕೆಂಪಣ್ಣ ಡ್ರೈವರನ್ನು ಬಿಚ್ಚುತ್ತಿದ್ದರು. ಚನ್ನಪಟ್ಟಣದ ಹೆದ್ದಾರಿ ಪಕ್ಕದ ತಮ್ಮ ರಿಪೇರಿ ಶೆಡ್ಡಿಗೆ ಗಾಡಿ ತಂದವರನ್ನೆಲ್ಲ ಹಳೇ ಟೈರಿನ ಮೇಲೆ ಕೂರಿಸಿ, ಎಲೆಅಡಿಕೆ ಮೆಲ್ಲುತ್ತ ವಿಚಾರಣೆ ಶುರು ಮಾಡುವರು. "ಎಲ್ಲಿ ಕೆಡ್ತು? ಏರಲ್ಲಾ, ಇಳುಕಲಲ್ಲಾ? ಮುಚ್ಚುಮರೆ ಮಾಡ್ಬ್ಯಾಡ ಕಣ್ಲಾ." ಮೈಲೇಜ್ ಬರುತ್ತಿಲ್ಲ ಎಂದು ಗೋಳಾಡಿದ ಒಬ್ಬ ಮಹಾನುಭಾವನನ್ನು ಹೀಗೇ ಮಾತಾಡಿಸಿ ಮಾತಾಡಿಸಿ, ಅವನ ಭಾಮೈದ ಹ್ಯಾಂಡ್‌ಬ್ರೇಕ್ ಹಾಕಿಕೊಂಡೇ ಗಾಡಿ ಕಲಿಯುತ್ತಿದ್ದಾನೆ ಎಂಬುದನ್ನು ಹೊರಗೆಳೆದು, ಸ್ಪ್ಯಾನರ್ ಮುಟ್ಟದೆ ಕಳಿಸಿದ್ದರು.

ಕಾರುಗಳೊಳಗೆ ಕಂಪ್ಯೂಟರ್ ಬಂದ ಮೇಲೆ ಅವರೂ ಒಂದು ಸ್ಕ್ಯಾನರ್ ತಂದರು. ಅದು ತೋರಿಸುವ ದೋಷದ ಕೋಡಿನ ಮೇಲೆ ಮಾತ್ರ ಪೂರ್ತಿ ನಂಬಿಕೆಯಿರಲಿಲ್ಲ. "ಇದು ಚಾಡಿಕೋರ. ಯಾರ್ ಅಳ್ತಾವ್ರೆ ಅಂತ ಹೇಳ್ತದೆ, ಯಾರ್ ಹೊಡುದ್ರು ಅಂತ ಹೇಳಾಕಿಲ್ಲ."

ಬಿಡದಿ ಕಡೆ ಒಂದರ ಹಿಂದೊಂದು ಕಾರ್ಖಾನೆ ಏಳುತ್ತಿದ್ದ ಕಾಲ ಅದು. ಹೊಂಗನೂರಿನವನಾದ ನಾನು ನನ್ನ ಡೀಸೆಲ್ ಕಾರನ್ನು ಒಂದು ಕಾರ್ಖಾನೆಗೆ ಬಾಡಿಗೆಗೆ ಬಿಟ್ಟು, ಬೆಳಗಿನ ಶಿಫ್ಟಿನ ಇಂಜಿನಿಯರುಗಳನ್ನು ಕರೆದೊಯ್ಯುತ್ತಿದ್ದೆ. ಇದ್ದಕ್ಕಿದ್ದಂತೆ ಕಾರಿಗೆ ರೋಗ ಹಿಡಿಯಿತು. ರಾಮನಗರ ದಾಟಿ ಏರು ಸಿಕ್ಕ ಕೂಡಲೇ ಇಂಜಿನ್ ದೀಪ ಹೊತ್ತಿಕೊಂಡು, ಎಷ್ಟು ತುಳಿದರೂ ಎತ್ತಿನ ಗಾಡಿಯ ನಡಿಗೆ. ಆಫ್ ಮಾಡಿ ಸ್ಟಾರ್ಟ್ ಮಾಡಿದರೆ ಏನೂ ಆಗದ ಹಾಗೆ ಓಡುತ್ತಿತ್ತು. ಎರಡು ಸಲ ತಡವಾಯಿತು. ಇನ್ನೊಮ್ಮೆ ಆದರೆ ಬೇರೆ ಗಾಡಿ ಗೊತ್ತು ಮಾಡುತ್ತೇವೆ ಎಂದರು ಅಲ್ಲಿನ ಮೇಲ್ವಿಚಾರಕರು. ನನಗಿದ್ದದ್ದು ಅದೊಂದೇ ಕೆಲಸ. ನೇರ ಕೆಂಪಣ್ಣನವರ ಶೆಡ್ಡಿಗೆ ಹೋದೆ.

ಇಂಜಿನ್ನಿಗೆ ಗಾಳಿ ಸಾಲುತ್ತಿಲ್ಲ ಎಂದಿತು ಸ್ಕ್ಯಾನರ್. "ಏರ್ ಫಿಲ್ಟರ್ ಮೊನ್ನೆ ತಾನೆ ಹೊಸದು ಹಾಕ್ಸಿವ್ನಿ, ಅಲ್ ನೋಡೋದೇ ಬ್ಯಾಡ ಅಣ್ಣ" ಎಂದೆ, ದೊಡ್ಡ ಪಂಡಿತನ ಹಾಗೆ. ನನ್ನ ಮಾತು ನಂಬಿ ಅವರು ಪೈಪು, ಸೆನ್ಸಾರುಗಳನ್ನೆಲ್ಲ ಬಿಚ್ಚಿ ಒರೆಸಿ ಕೂರಿಸಿದರು.

ಆದರೂ ಸಮಾಧಾನವಾಗಲಿಲ್ಲವೇನೋ, ಮರುದಿನ ಬೆಳಿಗ್ಗೆ ಕರೆಯದೆಯೇ ಬಂದು ಮುಂದಿನ ಸೀಟಿನಲ್ಲಿ ಕೂತರು. "ನಡಿ, ಕಾಯ್ಲೆ ಬರೋ ಜಾಗದಲ್ಲೇ ನೋಡಾನ."

ಅದೇ ಏರಿನಲ್ಲಿ ಕಾರು ಸೋತಿತು. ಹಿಂದೆ ಕೂತವರು ಗಡಿಯಾರ ನೋಡಿಕೊಂಡರು. ನಾನು ಕೀಲಿಗೆ ಕೈ ಹಾಕಿದೆ. "ಆಫ್ ಮಾಡ್ಬ್ಯಾಡ ಕಣ್ಲಾ, ಕಳ್ಳ ತಪ್ಪುಸ್ಕತಾನೆ" ಎಂದು ಇಳಿದು ಬಾನೆಟ್ ಎತ್ತಿ ಫಿಲ್ಟರ್ ಡಬ್ಬಿ ಬಿಚ್ಚಿದರು. ಹೊಸ ಫಿಲ್ಟರಿನ ಅಡಿಗೆ ಒಂದು ಬಿಳಿ ಮುದ್ದೆ ಮೆತ್ತಿಕೊಂಡಿತ್ತು. ರೇಷ್ಮೆಗೂಡಿನ ಮೇಲಿನ ಎಳೆ! ಮನೆಯಲ್ಲಿ ಹುಳು ಸಾಕಿ ಗೂಡು ಬಿಡಿಸಿದಾಗ ಉಳಿದ ಅದನ್ನು ಚೀಲಕ್ಕೆ ತುಂಬಿ ಕಾರು ನಿಲ್ಲಿಸುವ ಕೊಟ್ಟಿಗೆಯಲ್ಲಿ ಇಟ್ಟಿದ್ದವನು ನಾನೇ. ಇಲಿಯೊಂದು ಎಳೆದು ತಂದು ಡಬ್ಬಿಯೊಳಗೆ ಹಾಸಿಗೆ ಮಾಡಿಕೊಂಡಿತ್ತು. ಇಂಜಿನ್ ಜೋರಾಗಿ ಗಾಳಿ ಎಳೆದಾಗ ಮುದ್ದೆ ಮೇಲೆದ್ದು ದಾರಿ ಮುಚ್ಚುತ್ತಿತ್ತು, ಆಫ್ ಮಾಡಿದರೆ ಕೆಳಗೆ ಬೀಳುತ್ತಿತ್ತು.

"ನೀನು ರೇಷ್ಮೆ ಉಡೋದು ಹಬ್ಬಕ್ಕೆ. ನಿನ್ ಮನೆ ಇಲಿ ದಿನಾ ಹಾಸ್ಕಂಡ್ ಮಲಗ್ತದೆ" ಎಂದು ನಕ್ಕರು. ಮುದ್ದೆ ಕಿತ್ತೆಸೆದು, ಆಫ್ ಮಾಡಿ ಮತ್ತೆ ಸ್ಟಾರ್ಟ್ ಮಾಡಿದಾಗ ಕಾರು ಏರನ್ನು ಹತ್ತಿದ ಠೀವಿಗೆ ನನಗೆ ಅಳುವೇ ಬಂತು.

ಆದರೂ ಹತ್ತು ನಿಮಿಷ ತಡವಾಗಿಹೋಗಿತ್ತು. ಗೇಟಿನ ಬಳಿ ತಲೆ ತಗ್ಗಿಸಿ ನಿಂತೆ. ಕೆಂಪಣ್ಣ "ಒಸಿ ನೀರು ಕುಡ್ದು ಬತ್ತೀನಿ" ಎಂದು ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಮೇಲ್ವಿಚಾರಕರು ಹೊರಗೆ ಬಂದು, "ನಾಳೆಯಿಂದ ಸರಿಯಾದ ಟೈಮಿಗೆ ಬಾಪ್ಪ" ಎಂದರಷ್ಟೇ. ಅಬ್ಬ ಎಂದು ಉಸಿರು ಬಿಟ್ಟೆ. ದೊಡ್ಡಮಳೂರಿನ ಅಪ್ರಮೇಯಸ್ವಾಮಿಯೇ ಕಾಪಾಡಿದ ಎಂದುಕೊಂಡು ಸಂಜೆ ಹೋಗಿ ಕಾಯಿ ಒಡೆಸಿಬಂದೆ.

ಎಷ್ಟೋ ವರ್ಷಗಳ ಮೇಲೆ, ತಾವು ಕಾರ್ಖಾನೆ ಬಿಡುವ ದಿನ, ಆ ಮೇಲ್ವಿಚಾರಕರೇ ಬಾಯಿಬಿಟ್ಟರು. ಅಂದು ಕೆಂಪಣ್ಣ ಒಳಗೆ ಹೋಗಿ, "ಪೈಪು ಸರಿಯಾಗಿ ಕೂರಿಸದೆ ಗಾಡಿ ಕೆಡಿಸಿದ್ದು ನಾನು, ಡ್ರೈವರದ್ದೇನೂ ತಪ್ಪಿಲ್ಲ" ಎಂದು ಕೈ ಮುಗಿದಿದ್ದರಂತೆ.

ಅಷ್ಟರಲ್ಲಿ ಕೆಂಪಣ್ಣ ಶೆಡ್ಡು ಮುಚ್ಚಿ ಕೋಡಿಹಳ್ಳಿಯ ಮಗಳ ಮನೆ ಸೇರಿದ್ದರು. ಹುಡುಕಿಕೊಂಡು ಹೋದೆ. ನಾನು ಅವರನ್ನು ನೋಡಿದ್ದು ಅದೇ ಕೊನೆ. ಸೊಂಟ ಹಿಡಿದುಕೊಂಡಿತ್ತು, ನಾಲಿಗೆ ಮೊದಲಿನ ಹಾಗೇ ಇತ್ತು.

"ನನ್ ತಪ್ಪನ್ನ ನೀವ್ಯಾಕಣ್ಣ ಹೊತ್ಕಂಡ್ರಿ?" ಎಂದು ಕೇಳಿದೆ.

"ಇಲಿ ಹೆಸ್ರು ಹೇಳಿದ್ರೆ ನೆಪ ಅಂತಿದ್ರು. ನಿನ್ ಹೆಸ್ರು ಹೇಳಿದ್ರೆ ಕೆಲ್ಸ ಹೋಗ್ತಿತ್ತು. ಮೆಕಾನಿಕ್ ಕೆಡಿಸ್ದ ಅಂದ್ರೆ ಯಾರ್ ಬೇಕಾದ್ರೂ ನಂಬ್ತಾರೆ ಕಣ್ಲಾ!"