ವಿಳಾಸ ಸಾರಿದ ದಿನ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ. ಆ ಸೋಮವಾರವಂತೂ ಫೋನಿನಲ್ಲಿ ಇಂಟರ್ನೆಟ್ ಹೋಸ್ಟಿಂಗ್ ಕಂಪನಿಯ ಹುಡುಗಿಯ ಮೇಲೆ ಹರಿಹಾಯ್ದೆ.

"ಸರ್, ಒಪ್ಪಿಗೆ ಪತ್ರದಲ್ಲಿ ಹೆಸರೇ ಇಲ್ಲ. ಬರೀ ಐದಾರು ಅಕ್ಷರ, ಅಂಕಿ ಇದೆ. ಇವರು ಯಾರು?"

"ಅದೇ ಅವರು! ಹದಿನಾಲ್ಕು ವರ್ಷದಿಂದ ಹಾಗೇ ಕರೀತಾ ಬಂದಿದೀನಿ."

"ಲೈಸೆನ್ಸಿನಲ್ಲಿರೋ ಹೆಸರು ಹೇಳಿ ಸರ್."

ಹೆಸರು ನನಗೇ ಗೊತ್ತಿರಲಿಲ್ಲ!

ಹವ್ಯಾಸಕ್ಕೆ ರೇಡಿಯೋದಲ್ಲಿ ಮಾತಾಡುವ ನಾವು ಹ್ಯಾಮ್‌ಗಳು ಹೀಗೇ. ಗಾಳಿಯಲ್ಲಿ ಸರಕಾರ ಕೊಟ್ಟ ಅಕ್ಷರ-ಅಂಕಿಯ ಕಾಲ್‌ಸೈನ್, ಎದುರು ಸಿಕ್ಕರೆ 'ಮಾಸ್ತರರೇ'. ಕಾನಸೂರಿನ ಆ ನಿವೃತ್ತ ಮಾಸ್ತರರು ಅಭ್ಯಾಸಬಲದಿಂದ ಪತ್ರಕ್ಕೂ ಕಾಲ್‌ಸೈನನ್ನೇ ಗೀಚಿದ್ದರು. ನಾನೂ ಕಣ್ಣಾಡಿಸಿ, ಸರಿಯಿದೆಯೆಂದು ಫ್ಯಾಕ್ಸ್ ಮಾಡಿದ್ದೆ.

ಮರುದಿನ ಹುಬ್ಬಳ್ಳಿಯಲ್ಲಿ, ಕ್ಯಾನ್ಸರ್ ಆದ ಅವರ ಧ್ವನಿಪೆಟ್ಟಿಗೆ ತೆಗೆಯುವವರಿದ್ದರು. ಎಲೆಅಡಿಕೆ ಕವಳ ಬಿಡಿ, ತಂಬಾಕು ಬಿಡಿ ಎಂದು ಎಷ್ಟು ಬೈದಿದ್ದೆನೋ! ಮಾತು ಹೋದ ಮೇಲೆ ಅವರು ಟೈಪ್ ಮಾಡಿದ್ದು ರೇಡಿಯೋದಲ್ಲಿ ಶಿರಸಿಯ ನನ್ನ ರಿಪೇರಿ ಅಂಗಡಿಗೆ ಬಂದು, ಅಲ್ಲಿಂದ ಇಂಟರ್ನೆಟ್ಟಿನಲ್ಲಿ ದೂರದ ಗೆಳೆಯರಿಗೆ ಮುಟ್ಟಬೇಕೆಂಬುದು ನನ್ನ ಹಟ. ಅದಕ್ಕೆಂದೇ ಹ್ಯಾಮ್‌ಗಳಿಗೆ ಮೀಸಲಾದ, ಇಂಟರ್ನೆಟ್ಟಿನ ಐಪಿ ವಿಳಾಸಗಳ ಒಂದು ಕಟ್ಟನ್ನು ಮಾಸ್ತರರೇ ಬರೆದು ಕೇಳಿ ತಮ್ಮ ಹೆಸರಿಗೆ ಪಡೆದಿದ್ದರು. ಆ ವಿಳಾಸಗಳಿಗೆ ದಾರಿ ಇಲ್ಲಿದೆ ಎಂದು ಕಂಪನಿಯವರು ಜಗತ್ತಿಗೆ ಸಾರಬೇಕು; ಅದಕ್ಕೆ ವಿಳಾಸದ ಒಡೆಯರ ಒಪ್ಪಿಗೆ ಪತ್ರ ಬೇಕು. ಸಂಜೆ ಐದರೊಳಗೆ ಸರಿಯಾದ ಪತ್ರ ಹೋಗದಿದ್ದರೆ ಅರ್ಜಿ ರದ್ದು. ಮತ್ತೆ ಹಾಕೋಣವೆಂದರೆ ಸಹಿ ಮಾಡುವವರು ಆಸ್ಪತ್ರೆಯಲ್ಲಿ.

ಅವರ ಮನೆಗೆ ಫೋನ್ ಮಾಡಿದರೆ, ಆಗಲೇ ಹೊರಟರು ಎಂದರು ಸೊಸೆ. ಹುಬ್ಬಳ್ಳಿಗೆ ಶಿರಸಿಯಲ್ಲೇ ಬಸ್ ಬದಲಿಸಬೇಕಲ್ಲ! ಹೊಸ ಪತ್ರ ಹಿಡಿದು ಬಸ್‌ಸ್ಟ್ಯಾಂಡಿಗೆ ಓಡಿದೆ. ಹುಬ್ಬಳ್ಳಿ ಬಸ್ಸು ಸ್ಟಾರ್ಟ್ ಆಗಿ ನಿಂತಿತ್ತು. ಕಿಟಕಿಯಲ್ಲಿ ಮಾಸ್ತರರು, ಕೊರಳಿಗೆ ಮಫ್ಲರ್, ಪಕ್ಕದಲ್ಲಿ ಹೆಂಡತಿ.

"ತಮಾ, ಬಂದ್ಯಾ? ಒಳ್ಳೇದಾತು. ಕೇಳು, ಆನು…" ಧ್ವನಿ ಗೊರಗೊರ ಎನ್ನುತ್ತಿತ್ತು.

"ಮಾತು ಆಮೇಲೆ ಮಾಸ್ತರರೇ! ಮೊದಲು ಸಹಿ. ಪೂರ್ತಿ ಹೆಸರು ಬರೀರಿ, ಲೈಸೆನ್ಸಿನಲ್ಲಿ ಇದ್ದ ಹಾಗೆ!"

ಕೈಚೀಲದ ಮೇಲೆ ಕಾಗದ ಇಟ್ಟುಕೊಂಡು ನಿಧಾನ ಬರೆದರು. ಮತ್ತೆ ನನ್ನ ಕಡೆ ಮುಖ ಎತ್ತಿದರು. ಕಂಡಕ್ಟರ್ ಸೀಟಿ ಊದಿದ. ನಾನು ಕಾಗದ ಕಿತ್ತುಕೊಂಡು ಫ್ಯಾಕ್ಸ್ ಇದ್ದ ಎಸ್‌ಟಿಡಿ ಬೂತಿಗೆ ದೌಡಾಯಿಸಿದೆ. ತಿರುಗಿ ನೋಡಲಿಲ್ಲ.

ಐದಕ್ಕೆ ಹತ್ತು ನಿಮಿಷವಿರುವಾಗ ಅದೇ ಹುಡುಗಿಯ ಫೋನು. "ಅನೌನ್ಸ್ ಮಾಡಿದೀವಿ ಸರ್, ನೋಡಿ." ಪರದೆಯ ಮುಂದೆ ಕೂತೆ. ಕಾಲು ಗಂಟೆ ಏನೂ ಇಲ್ಲ. ಕೊನೆಗೆ ಹೊರದೇಶದ ಗೆಳೆಯನೊಬ್ಬನಿಂದ ಉತ್ತರ ಬಂತು: ನಿಮ್ಮ ವಿಳಾಸ ನನಗೆ ಮುಟ್ಟುತ್ತಿದೆ. "ಗೆದ್ದೆ!" ಎಂದು ಅಂಗಡಿಯಲ್ಲೇ ಕೂಗಿದೆ.

ತಿಂಗಳ ಮೇಲೆ ಮಾಸ್ತರರು ಕಾನಸೂರಿನಿಂದ ಮೊದಲ ಸಲ ಟೈಪ್ ಮಾಡಿದರು. ಎಲ್ಲೆಲ್ಲಿಯ ಗೆಳೆಯರೋ ಸ್ವಾಗತ ಹೇಳಿದರು. ಅವರೆಲ್ಲ ಹೋದ ಮೇಲೆ ನಾನು ಕೇಳಿದೆ, ಅವತ್ತು ಬಸ್ಸಿನಲ್ಲಿ ಏನೋ ಹೇಳಲು ಹೊರಟಿದ್ದಿರಲ್ಲ, ಎಂತದು?

ಪರದೆಯ ಮೇಲೆ ಮಾಸ್ತರರ ಉತ್ತರ ಮೂಡಿತು.

"ಎಂತೂ ಇಲ್ಲೆ ತಮಾ. ಧ್ವನಿ ಇದ್ದಾಗ ನಿನ್ನ ಹತ್ರ ಸುಮ್ನೆ ಒಂದ್ಸಲ ಮಾತಾಡವು ಅಂತ ಆಸೆ ಇತ್ತು."