ಗೋಣಿತಾಟಿನ ಕೆಳಗೆ ಎರಡು ತಗಡು

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಗುಂಡ್ಲುಪೇಟೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದೆ. ಚಾಮರಾಜನಗರ ಆಗತಾನೇ ಜಿಲ್ಲೆಯಾಗಿತ್ತು. ಅಲ್ಲಿಯವರೆಗೆ ಏನೇ ಸ್ಪರ್ಧೆಯಿದ್ದರೂ ಮೈಸೂರಿಗೆ ಹೋಗಿ, ಅಲ್ಲಿನ ದೊಡ್ಡ ಸ್ಕೂಲುಗಳ ಮಕ್ಕಳ ಹಿಂದೆ ನಿಂತು, ಅವರು ಕೊಟ್ಟ ಚಿತ್ರಾನ್ನದ ಪೊಟ್ಟಣ ತಿಂದು ವಾಪಸ್ಸು ಬರುವುದೇ ನಮ್ಮ ಪಾಡಾಗಿತ್ತು. ಹೊಸ ಜಿಲ್ಲೆಯಲ್ಲೇ ಶಾಲಾಮಕ್ಕಳ ಸಂಶೋಧನೆಗಳ ಸ್ಪರ್ಧೆ ನಡೆಯುತ್ತದೆ, ಎಲೆಕ್ಟ್ರಾನಿಕ್ಸ್‌ಗೆ ಬೇರೆ ವಿಭಾಗವೇ ಇದೆ ಎಂದು ಸುತ್ತೋಲೆ ಬಂದಾಗ ನನಗೆ ಹುಮ್ಮಸ್ಸು ತಡೆಯಲಾಗಲಿಲ್ಲ. ಈ ಸಲ ಗೆಲ್ಲಲೇಬೇಕು ಅಂದುಕೊಂಡೆ. ಮಕ್ಕಳು ಗೆಲ್ಲಬೇಕೋ ನಾನು ಗೆಲ್ಲಬೇಕೋ ಎಂದು ಆಗ ಕೇಳಿಕೊಳ್ಳಲಿಲ್ಲ.

ಒಂಬತ್ತನೇ ಕ್ಲಾಸಿನಲ್ಲಿ, "ಮನೇಲಿ ಯಾರಾದ್ರೂ ಏನಾದ್ರೂ ಮಾಡಿದ್ರೆ ಹೇಳಿ" ಅಂದೆ. ಬೆಲ್ ಹೊಡೆದು ಎಲ್ಲರೂ ಹೋದ ಮೇಲೆ ಹಿಂದಿನ ಬೆಂಚಿನ ಒಬ್ಬ ಹುಡುಗಿ ಬಾಗಿಲ ಹತ್ತಿರ ನಿಂತಿದ್ದಳು.

"ಸಾ, ನಮ್ಮನೇಲಿ ಒಂದು ಐತೆ. ಆದ್ರೆ ತರಕ್ಕಾಗಲ್ಲ, ಬಾಗ್ಲಲ್ಲಿ ಆಕ್ಬುಟ್ಟಿದೀನಿ."

ಅವತ್ತು ಸಂಜೆಯೇ ಅವಳ ಜೊತೆ ಹೋದೆ. ತರಕಾರಿ ಮಂಡಿಯ ಹಿಂದಿನ ಬೀದಿಯಲ್ಲಿ ಹೆಂಚಿನ ಮನೆ. ಅಪ್ಪ ಕೇರಳಕ್ಕೆ ಹೋಗುವ ಲಾರಿಗಳಿಗೆ ಈರುಳ್ಳಿ ಮೂಟೆ ತುಂಬುವವನು. ತಾಯಿ ಮನೆಯಲ್ಲೇ ಕೂತು ರವಿಕೆ ಹೊಲಿಯುವವಳು. ಅವಳಿಗೆ ಚಿಕ್ಕಂದಿನಿಂದ ಕಿವಿ ಕೇಳುತ್ತಿರಲಿಲ್ಲ. ಬೆಳಕಿಗೆಂದು ಹೊಲಿಗೆ ಮಿಷನ್ನನ್ನು ಹಿಂದಿನ ಕಿಟಕಿಯ ಪಕ್ಕ ಇಟ್ಟುಕೊಂಡಿದ್ದರಿಂದ ಬಾಗಿಲಿಗೆ ಅವಳ ಬೆನ್ನು. ಬಂದವರು ಕೂಗಿ ಕೂಗಿ, ಉತ್ತರ ಬರದೆ ಮುಂದಿನ ಬೀದಿಯ ಟೈಲರ್ ಹತ್ತಿರ ಹೋಗಿಬಿಡುತ್ತಿದ್ದರಂತೆ.

ನಾನು ಹೊಸ್ತಿಲು ದಾಟಿ ಗೋಣಿತಾಟಿನ ಮೇಲೆ ಕಾಲಿಟ್ಟೆ. ಮಿಷನ್ನಿಗೆ ಕಟ್ಟಿದ್ದ ಪುಟ್ಟ ಟಾರ್ಚ್ ಬಲ್ಬು ಹತ್ತಿಕೊಂಡಿತು. ಆಕೆ ತುಳಿಯುವುದನ್ನು ನಿಲ್ಲಿಸಿ ತಿರುಗಿ ನೋಡಿದಳು, ನಕ್ಕಳು, ಕೂತುಕೊಳ್ಳಿ ಎಂದು ಚಾಪೆ ತೋರಿಸಿದಳು.

ಹುಡುಗಿ ಗೋಣಿತಾಟು ಎತ್ತಿ ತೋರಿಸಿದಳು. ಎಣ್ಣೆ ಡಬ್ಬ ಕತ್ತರಿಸಿದ ಎರಡು ತಗಡು. ನಡುವೆ ನಾಲ್ಕು ಮೂಲೆಗೂ ಸೈಕಲ್ ಟ್ಯೂಬಿನ ಚೂರು. ಅಲ್ಲಿಂದ ಗೋಡೆಯ ಬುಡದಲ್ಲಿ ವೈರು, ಎರಡು ಸೆಲ್ಲು.

"ಕಾಲಿಟ್ರೆ ತಗಡು ತಗಡು ಸೇರ್ಕತವೆ ಸಾ. ತೆಗುದ್ರೆ ಬಿಟ್ಕತವೆ."

"ಕೋಳಿ ಬಂದು ಹತ್ತಿದ್ರೆ?"

"ಕೋಳಿ ತೂಕುಕ್ಕೆ ತಗಡು ಸೇರ್ಕಳಲ್ಲ. ಅದ್ಕೇ ಟ್ಯೂಬು ಇನ್ನೊಂದು ಪದ್ರ ಕೊಟ್ಟಿವ್ನಿ."

ಕೋಳಿಯ ತೂಕವನ್ನೂ ಲೆಕ್ಕ ಹಾಕಿದ್ದ ಆ ಹುಡುಗಿಯ ಬೆನ್ನು ತಟ್ಟಿ, ಇದನ್ನೇ ತಾ ಅಂದಿದ್ದರೆ ಮುಗಿದಿತ್ತು. ನಾನು ಹಾಗೆ ಹೇಳಲಿಲ್ಲ. ಇದು ಬರೀ ಸ್ವಿಚ್ಚು, ಇದರಲ್ಲಿ ಎಲೆಕ್ಟ್ರಾನಿಕ್ಸ್ ಎಲ್ಲಿದೆ ಅನ್ನಿಸಿತು ನನಗೆ. ಪತ್ರಿಕೆಗಳಲ್ಲಿ ಬರುವ ಸರ್ಕ್ಯೂಟುಗಳನ್ನು ಕತ್ತರಿಸಿ ಅಂಟಿಸಿಟ್ಟುಕೊಳ್ಳುವ ಹವ್ಯಾಸವಿದ್ದ ಮನುಷ್ಯ ನಾನು. ಬಾಗಿಲು ತಟ್ಟಿದ ಸದ್ದನ್ನು ಮೈಕು ಹಿಡಿದು, ಟ್ರಾನ್ಸಿಸ್ಟರ್‌ಗಳ ಮೂಲಕ ದೀಪ ಹತ್ತಿಸುವ ಸರ್ಕ್ಯೂಟ್ ಒಂದು ಆಗಲೇ ನನ್ನ ತಲೆಯಲ್ಲಿ ಕುಣಿಯುತ್ತಿತ್ತು.

ಮಾರನೇ ದಿನ ಲ್ಯಾಬಿನಲ್ಲಿ ಅದನ್ನು ಬೋರ್ಡಿನ ಮೇಲೆ ಬರೆದು ತೋರಿಸಿದೆ. ಅವಳು ಬಹಳ ಹೊತ್ತು ನೋಡಿದಳು.

"ನಮ್ ಬೀದೀಲಿ ಯಾರೂ ಬಾಗ್ಲು ತಟ್ಟಲ್ಲ ಸಾ, ಕೂಗ್ತರೆ. ಲಾರಿ ಆರನ್ ಒಡುದ್ರೂ ಬಲ್ಬು ಅತ್ಕಳಲ್ವಾ?"

"ಅದನ್ನೆಲ್ಲ ಅಡ್ಜಸ್ಟ್ ಮಾಡಬಹುದು ಕಣಮ್ಮಿ. ಅಷ್ಟು ಜನರ ಮುಂದೆ ತಗಡು ಇಟ್ಕೊಂಡು ನಿಂತ್ರೆ ನಗ್ತಾರೆ."

"ಆಯ್ತು ಸಾ" ಅಂದಳು. ಅದನ್ನು ಒಪ್ಪಿಗೆ ಅಂತಲೇ ತಿಳಿದುಕೊಂಡೆ.

ಮೂರು ವಾರ ಸ್ಕೂಲು ಬಿಟ್ಟ ಮೇಲೆ ಇಬ್ಬರೂ ಲ್ಯಾಬಿನಲ್ಲಿ ಕೂರುತ್ತಿದ್ದೆವು. ಇಬ್ಬರೂ ಅನ್ನುವುದು ಮಾತಿಗೆ. ಬೆಸುಗೆ ಹಾಕುತ್ತಿದ್ದವನು ನಾನು, ಸೀಸದ ತಂತಿ ಹಿಡಿದುಕೊಳ್ಳುತ್ತಿದ್ದವಳು ಅವಳು. "ಇದು ಯಾಕೆ ಸಾ?" ಅಂದರೆ "ಆಮೇಲೆ ಹೇಳ್ತೀನಿ" ಅನ್ನುತ್ತಿದ್ದೆ. ಕೊನೆಗೆ ಒಂದು ಪುಟ ವಿವರಣೆ ಬರೆದುಕೊಟ್ಟು ಬಾಯಿಪಾಠ ಮಾಡು ಅಂದೆ. ಅವಳು ಕೇಳಿಕೊಂಡದ್ದು ಒಂದೇ, ಹಳೆಯದನ್ನೂ ಪಕ್ಕದಲ್ಲಿ ಇಡಬಹುದಾ ಅಂತ. ತಂದಿಟ್ಟಿರು, ನೋಡೋಣ ಅಂದೆ. ಅವಳು ಗೋಣಿತಾಟು, ತಗಡು, ವೈರು ಎಲ್ಲವನ್ನೂ ಮನೆಯಿಂದ ಕಿತ್ತು ತಂದಳು. ನಾನು ಅದನ್ನು ಲ್ಯಾಬಿನ ಬೀರುವಿನಲ್ಲಿ ಇಟ್ಟೆ. ಸ್ಪರ್ಧೆಯ ದಿನ ಬೆಳಿಗ್ಗೆ ಬೀರು ತೆಗೆದು ನೋಡಿದಾಗ, ಆ ಕೊಳಕು ಗೋಣಿ, ಸರ್ಕ್ಯೂಟ್ ಕೂರಿಸಿದ್ದ ನನ್ನ ಹೊಳೆಯುವ ಪ್ಲೈವುಡ್ ಡಬ್ಬದ ಪಕ್ಕ ಚೆನ್ನಾಗಿ ಕಾಣುವುದಿಲ್ಲ ಅನ್ನಿಸಿ ಅಲ್ಲೇ ಬಿಟ್ಟು ಬೀಗ ಹಾಕಿದೆ. ಅವಳು ನೋಡುತ್ತಿದ್ದಳು.

ಚಾಮರಾಜನಗರದ ಸ್ಕೂಲೊಂದರ ದೊಡ್ಡ ಹಾಲಿನಲ್ಲಿ ಸಾಲು ಬೆಂಚುಗಳು. ನೀರಿನ ಟ್ಯಾಂಕ್ ತುಂಬಿದರೆ ಕೂಗುವ ಅಲಾರಾಂಗಳೇ ಐದಾರು ಬಂದಿದ್ದವು. ನಮ್ಮದನ್ನು ಜೋಡಿಸಿ ಬ್ಯಾಟರಿ ಕೊಟ್ಟೆ. ಅಷ್ಟರಲ್ಲಿ ಮೈಕಿನಲ್ಲಿ ಯಾರೋ, "ಗಣ್ಯರು ಆಗಮಿಸುತ್ತಿದ್ದಾರೆ, ಎಲ್ಲರೂ ಶಾಂತವಾಗಿರಬೇಕು" ಎಂದು ಅರಚಿದರು. ನಮ್ಮ ಬಲ್ಬು ಹತ್ತಿಕೊಂಡಿತು. ಮಕ್ಕಳು ಚಪ್ಪಾಳೆ ಹೊಡೆದರು, ಹತ್ತಿಕೊಂಡಿತು. ಯಾರೋ ಬೆಂಚು ಎಳೆದರು, ಆಗಲೂ ಹತ್ತಿಕೊಂಡಿತು. ನಾನು ಸ್ಕ್ರೂಡ್ರೈವರ್ ಹಿಡಿದು ಮೈಕಿನ ಸೂಕ್ಷ್ಮತೆ ಹೊಂದಿಸುವ ಸ್ಕ್ರೂ ತಿರುಗಿಸಿದೆ. ಒಂದು ಕಡೆ ತಿರುಗಿಸಿದರೆ ತಟ್ಟಿದರೂ ಹತ್ತದು, ಇನ್ನೊಂದು ಕಡೆ ತಿರುಗಿಸಿದರೆ ಉಸಿರಾಡಿದರೂ ಹತ್ತುತ್ತದೆ ಅನ್ನುವ ಹಾಗಾಯಿತು.

ತೀರ್ಪುಗಾರರಲ್ಲಿ ಹಿರಿಯರೊಬ್ಬರು, ಕಾಲೇಜೊಂದರ ಪ್ರೊಫೆಸರು, ನಮ್ಮ ಬೆಂಚಿನ ಮುಂದೆ ನಿಂತರು. ಅವಳು ಬಾಯಿಪಾಠ ಶುರು ಮಾಡಿದಳು. ಅವರು ನಡುವೆಯೇ ಮೃದುವಾಗಿ ಕೇಳಿದರು, "ಯಾರೂ ತಟ್ಟದೇನೇ ಉರೀತಾ ಇದೆಯಲ್ಲಮ್ಮಾ, ಯಾಕೆ?"

ಅವಳು ನಿಲ್ಲಿಸಿದಳು. ನನ್ನ ಕಡೆ ನೋಡಲಿಲ್ಲ.

"ಸಾ, ನಾನು ಮೊದ್ಲು ಮಾಡಿದ್ದು ಇದಲ್ಲ. ಬಾಗ್ಲಲ್ಲಿ ತಗಡು ಇತ್ತು, ಕಾಲಿಟ್ರೆ ಬಲ್ಬು ಅತ್ಕತಿತ್ತು. ಇದ್ನ ನಮ್ ಮೇಷ್ಟ್ರು ಮಾಡುದ್ರು."

ಅವರು ನನ್ನ ಕಡೆ ತಿರುಗಿದರು. ಮುಖದಲ್ಲಿ ಸಿಟ್ಟಿರಲಿಲ್ಲ. ಆ ತಗಡಿನ ವಿಷಯ ಕೇಳಲು ಕುತೂಹಲವಿದ್ದಂತೆಯೇ ಇತ್ತು. "ಹೌದಾ ಮೇಷ್ಟ್ರೇ?"

ಅಕ್ಕಪಕ್ಕದ ಬೆಂಚಿನ ಮೇಷ್ಟ್ರುಗಳೆಲ್ಲ ಇತ್ತಲೇ ನೋಡುತ್ತಿದ್ದರು. ಮಾದರಿಯನ್ನು ಮಕ್ಕಳೇ ಮಾಡಿರಬೇಕು ಎಂದು ಸುತ್ತೋಲೆಯಲ್ಲಿ ದಪ್ಪಕ್ಷರದಲ್ಲಿತ್ತು.

"ಇಲ್ಲ ಸಾರ್. ಪೂರ್ತಿ ಅವಳೇ ಮಾಡಿದ್ದು. ಗಾಬರಿ ಬಿದ್ದು ಏನೇನೋ ಹೇಳ್ತಿದ್ದಾಳೆ."

ಅವರು ಅವಳ ತಲೆ ಸವರಿದರು. "ಸುಳ್ಳು ಹೇಳಬಾರದಮ್ಮಾ. ಮಾದರಿ ಕೆಲಸ ಮಾಡದೇ ಇದ್ರೂ ಪರವಾಗಿಲ್ಲ" ಅಂದು ಮುಂದಿನ ಬೆಂಚಿಗೆ ಹೋದರು.

ಅವಳು ಅಳಲಿಲ್ಲ. ಬ್ಯಾಟರಿಯ ವೈರು ಎಳೆದು ಬಲ್ಬು ಆರಿಸಿ, ಕೈಕಟ್ಟಿ ನಿಂತಳು.

ವಾಪಸ್ಸು ಬರುವ ಬಸ್ಸು ತೆರಕಣಾಂಬಿ ದಾಟಿತು. ಚಾಮರಾಜನಗರದ ಸ್ಟ್ಯಾಂಡಿನಲ್ಲಿ ತೆಗೆದುಕೊಂಡಿದ್ದ ವಡೆಯ ಪೊಟ್ಟಣ ಚಾಚಿದೆ. "ಬ್ಯಾಡ ಸಾ" ಅಂದಳು. ಗುಂಡ್ಲುಪೇಟೆಯಲ್ಲಿ ಇಳಿದಾಗ ಡಬ್ಬವನ್ನು ನನ್ನ ಕೈಗೆ ಕೊಟ್ಟು, "ಬತ್ತೀನಿ ಸಾ" ಅಂದು ಹೋದಳು.

ಮರುದಿನ ಬೀರುವಿನಿಂದ ಗೋಣಿತಾಟು ತೆಗೆದುಕೊಂಡು ಅವಳ ಮನೆಗೆ ಹೋದೆ. ಬಾಗಿಲು ತೆರೆದಿತ್ತು. ತಾಯಿ ಬೆನ್ನು ತಿರುಗಿಸಿ ಹೊಲಿಯುತ್ತಿದ್ದಳು. ಗೊತ್ತಿದ್ದೂ ಗೊತ್ತಿದ್ದೂ ಒಂದು ಸಲ "ಅಮ್ಮಾ" ಎಂದು ಕೂಗಿದೆ. ಮಿಷನ್ನು ಓಡುತ್ತಲೇ ಇತ್ತು. ಆ ತಗಡನ್ನು ಕಿತ್ತು ತರಿಸಿದಾಗಿನಿಂದ ಎಷ್ಟು ಜನ ಹೀಗೆ ಬಂದು ನಿಂತು ಹೋದರೋ.

ಹುಡುಗಿ ನಲ್ಲಿಯಿಂದ ಕೊಡ ಹೊತ್ತು ಬಂದಳು. ನನ್ನ ಕೈಯಲ್ಲಿದ್ದುದನ್ನು ತೆಗೆದುಕೊಂಡು, ಮಂಡಿಯೂರಿ ಕೂತು, ಐದು ನಿಮಿಷದಲ್ಲಿ ಎಲ್ಲ ಜೋಡಿಸಿದಳು. ಅಂಗೈಯಿಂದ ಒತ್ತಿ ನೋಡಿದಳು. ಬಲ್ಬು ಹತ್ತಿತು, ತಾಯಿ ತಿರುಗಿದಳು. ನನ್ನನ್ನು ಕಂಡು ಎದ್ದು ಬಂದು ಕೈಮುಗಿದಳು. ಬೆರಳಾಡಿಸಿ ಮಗಳಿಗೆ ಏನೋ ಹೇಳಿದಳು.

"ಏನಂತಾರೆ?" ಅಂದೆ.

"ನನ್ನ ಜಿಲ್ಲೆಗಂಟ ಕರ್ಕಂಡೋದ್ರಲ್ಲ, ನಿಮ್ಗೆ ಒಳ್ಳೇದಾಗ್ಲಿ ಅಂತಾವ್ಳೆ."

ಹುಡುಗಿ ಮನೆಯಲ್ಲಿ ಏನೂ ಹೇಳಿರಲಿಲ್ಲ. ಆಗಲಾದರೂ, ಆ ಹೊಸ್ತಿಲಲ್ಲೇ, ತಪ್ಪಾಯಿತು ಅನ್ನಬಹುದಿತ್ತು. ನಾನು ಕಾಫಿ ಕುಡಿದು ಬಂದೆ.

ಆಮೇಲೆ ಅವಳು ಲ್ಯಾಬಿನ ಕಡೆ ಬರಲಿಲ್ಲ. ಕ್ಲಾಸಿನಲ್ಲಿ ಪ್ರಶ್ನೆ ಕೇಳಿದರೆ ಎದ್ದು ಸರಿಯಾಗಿ ಉತ್ತರ ಹೇಳಿ ಕೂತುಕೊಳ್ಳುತ್ತಿದ್ದಳು, ಅಷ್ಟೇ. ಎಸ್ಸೆಸ್ಸೆಲ್ಸಿಯಲ್ಲಿ ವಿಜ್ಞಾನದಲ್ಲೇ ಹೆಚ್ಚು ನಂಬರು ಬಂದಿತ್ತು. ಆದರೂ ಪಿಯುಸಿಗೆ ಆರ್ಟ್ಸ್ ತೆಗೆದುಕೊಂಡಳು ಎಂದು ಯಾರೋ ಹೇಳಿದರು. ಅದಕ್ಕೆ ನಾನೇ ಕಾರಣ ಅಂದುಕೊಳ್ಳುವುದೂ ಒಂದು ಥರದ ಜಂಬವೇ ಇರಬಹುದು. ನನಗೆ ವರ್ಗವಾಯಿತು.

ಸುಮಾರು ವರ್ಷಗಳ ಮೇಲೆ ಸಂತೆಮರಹಳ್ಳಿಯಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ, "ಸಾರ್, ಚೆನ್ನಾಗಿದ್ದೀರಾ?" ಅಂದಳು ಒಬ್ಬ ಹೆಂಗಸು. ಅವಳೇ. ಅಲ್ಲಿಗೇ ಮದುವೆಯಾಗಿ ಬಂದು ಟೈಲರ್ ಅಂಗಡಿ ಇಟ್ಟಿದ್ದಳು. ಮಿಷನ್ನುಗಳ ಮೋಟರು ಕೆಟ್ಟರೆ ತಾನೇ ಬಿಚ್ಚಿ ರಿಪೇರಿ ಮಾಡುತ್ತಾಳಂತೆ. ಅವಳು ಅದನ್ನು ಹೇಳುತ್ತಿದ್ದ ಹಾಗೇ ನಾನು ನಡುವೆ ಬಾಯಿ ಹಾಕಿದೆ.

"ಅವತ್ತು ನಾನು ಸುಳ್ಳು ಹೇಳಿದೆ ಕಣಮ್ಮ. ತಪ್ಪಾಯ್ತು."

ಅವಳು ಕೈಯಲ್ಲಿದ್ದ ಚೀಲವನ್ನು ನೆಲಕ್ಕಿಟ್ಟಳು.

"ಪ್ರೈಜ್ ಬರ್ನಿಲ್ಲ ಅಂತ ನಂಗೇನೂ ಅನ್ನುಸ್ನಿಲ್ಲ ಸಾರ್. ಆದ್ರೆ ಆ ಪ್ರೊಫೆಸರ್ ಸಾಹೇಬ್ರು ತಲೆ ಸವರಿ ಅಂಗಂದ್ಬುಟ್ರಲ್ಲ. ಅವರು ಇವತ್ತಿಗೂ ನನ್ನ ಸುಳ್ಳುಗಾತಿ ಅಂತಲೇ ಅನ್ಕಂಡಿರ್ತರೆ."

ಬಸ್ಸು ಬಂತು. "ಉಸಾರಾಗಿ ಓಗಿ ಸಾರ್" ಅಂದು ನನ್ನ ಬ್ಯಾಗು ಎತ್ತಿಕೊಟ್ಟಳು.

ಆ ಪ್ರೊಫೆಸರು ಈಗ ಇದ್ದಾರೋ ಇಲ್ಲವೋ ಗೊತ್ತಿಲ್ಲ. ಸ್ಪರ್ಧೆ ಮುಗಿದ ಹೊತ್ತಿಗೆ ಅವರ ಹೆಸರು, ಕಾಲೇಜು ಎರಡೂ ನನಗೆ ಗೊತ್ತಿದ್ದವು, ಸ್ಪರ್ಧೆಯ ಕಾಗದಪತ್ರದಲ್ಲೇ ಇದ್ದವು. ಒಂದು ಇನ್‌ಲ್ಯಾಂಡ್ ಲೆಟರಿನಲ್ಲಿ ನಾಲ್ಕು ಸಾಲು ಬರೆದು, ಹುಡುಗಿ ಹೇಳಿದ್ದೇ ನಿಜ ಎಂದು ತಿಳಿಸಬಹುದಿತ್ತು. ಬರೆಯಬೇಕು ಅಂದುಕೊಂಡೆ. ಆ ವಾರ ಪರೀಕ್ಷೆಯ ಪೇಪರುಗಳಿದ್ದವು, ಮುಂದಿನ ವಾರ ಇನ್ನೇನೋ ಇತ್ತು. ಹಾಗೇ ಉಳಿದುಹೋಯಿತು.