ಹೆಸ್ಟರಕ್ಕನ ಲಕೋಟೆ

ಹೆಸ್ಟರಕ್ಕನಿಗೆ ಹೆದರುವುದೇ ಉದ್ಯೋಗ. ಕರೂ ಎಂಬ ಒಣ ಬಯಲಿನ ಆಂಟೆನಾಗಳು ಆಕಾಶದಿಂದ ಹಿಡಿದು ತಂದ ರೇಡಿಯೋ ಸದ್ದಿನಿಂದ ಉಪಗ್ರಹ, ವಿಮಾನ, ನಮ್ಮ ಆಕಾಶಗಂಗೆ ಎಲ್ಲದರ ಗಲಾಟೆಯನ್ನೂ ತೊಳೆದು, ಮೊದಲ ನಕ್ಷತ್ರಗಳು ಹೊತ್ತಿಕೊಂಡ ಕಾಲದ ಮಂದ ದನಿಯೇನಾದರೂ ಉಳಿದಿದೆಯೇ ಎಂದು ನೋಡುವವಳು ಅವಳು. ಅದರ ಸದ್ದೂ ಆಂಟೆನಾಗಳಿಗೆ ಬಿದ್ದೀತೆಂದು ಬಂದವರ ಫೋನನ್ನು ಗೇಟಿನಲ್ಲೇ ಕಿತ್ತುಕೊಳ್ಳುತ್ತಾಳೆ. ನೋಡಲು ಬಂದ ಪಾದ್ರಿಯ ಕಿವಿಯ ಯಂತ್ರವನ್ನೂ ಬಿಟ್ಟವಳಲ್ಲ. "ನಂಗೇನೂ ಕೇಳ್ಸಲ್ವಲ್ಲಮ್ಮ" ಎಂದರೆ, "ಇಲ್ಲಿ ಕೇಳಿಸ್ಕೋಬೇಕಾದೋರು ನೀವಲ್ಲ ಬಿಡಿ" ಎಂಬ ಉತ್ತರ. ಕಂಪ್ಯೂಟರಿನ ತೆರೆಯ ಮೇಲೆ ಆ ಸದ್ದನ್ನು ತೋರಿಸುವ ಗೆರೆ ಒಂದಿಷ್ಟು ಕೊಂಕಿದರೆ ಸಾಕು, ಚಹಾದಲ್ಲಿ ಅದ್ದಿದ ರಸ್ಕು ಕರಗಿ ಬಿದ್ದರೂ ಪರಿವೆಯಿಲ್ಲ: "ಇದು ನಮ್ದೇ ಕೊಳೆ, ಇನ್ನೊಂದ್ಸಲ ತೊಳೀಬೇಕು!" "ಬಟ್ಟೇನೇ ಹರಿದೋಗತ್ತೆ ಅಕ್ಕ" ಎಂದು ಜೊತೆಗಾರ ಲುವುಯೋ ರೇಗಿಸುತ್ತಾನೆ. ಆ ಸದ್ದಿನೊಳಗೆ ಒಂದು ಸುಳ್ಳು ದನಿಯನ್ನು ಗುಟ್ಟಾಗಿ ಬೆರೆಸಿ, ಬೆರೆಸಿದ್ದೇನೆಂದು ಬರೆದು ಲಕೋಟೆಯಲ್ಲಿ ಮುಚ್ಚಿಡುವುದು ಅವನ ಕೆಲಸ. ತೊಳೆದ ಮೇಲೂ ಸುಳ್ಳು ಉಳಿದರೆ ನಿಜವೂ ಉಳಿದೀತು ಎಂಬ ಪರೀಕ್ಷೆ ಅದು. ಹತ್ತು ವರ್ಷದ ಹಿಂದೊಮ್ಮೆ ಲಕೋಟೆಯಲ್ಲಿದ್ದದ್ದು ತೆರೆಯ ಮೇಲಿರಲಿಲ್ಲ. ಅವಳೇ ತೊಳೆದು ಚೆಲ್ಲಿದ್ದಳು. ಅಂದಿನಿಂದ ಕೊಳೆ ಉಳಿದರೂ ಭಯ, ತೊಳೆದುಹೋದರೂ ಭಯ. ಲಕೋಟೆ ಒಡೆಯುವಾಗ ಕಿಟಕಿಯತ್ತ ಮುಖ ಮಾಡಿ ನಿಲ್ಲುತ್ತಾಳೆ. ಮೊನ್ನೆಯೂ ಹಾಗೆಯೇ ನಿಂತಿದ್ದಳು. ಏಳು ಸಲ ತೊಳೆದರೂ ಹೋಗದ ಸಣ್ಣ ಉಬ್ಬೊಂದು ತೆರೆಯ ಮೇಲಿತ್ತು. "ನೀನು ಹಾಕಿದ್ದು ಇದೇ ತಾನೆ? ಹೂಂ ಅನ್ನೋ ಮಾರಾಯ." ಲುವುಯೋನ ದನಿ ಇಳಿದಿತ್ತು: "ಲಕೋಟೆ ಖಾಲಿ ಅಕ್ಕ. ಈ ಸಲ ಬೇಕಂತ್ಲೇ ಏನೂ ಬೆರೆಸಿರ್ಲಿಲ್ಲ. ಇದು ನಾನು ಹಾಕಿದ್ದಲ್ಲ." "ಇನ್ನೊಂದ್ಸಲ..." ಎನ್ನುತ್ತಾ ಕೀಲಿಮಣೆಗೆ ಕೈ ಚಾಚಿದ ಹೆಸ್ಟರಕ್ಕ, ಬೆಂಕಿ ಮುಟ್ಟಿದವಳಂತೆ ಕೈಯನ್ನು ಹಿಂದಕ್ಕೆಳೆದುಕೊಂಡಳು.